ದೇವಾಲಯದ ಶಿಲೆಗಳು ಮತ್ತು ಅವುಗಳ ಯೋಗ್ಯ ವಿನಿಯೋಗ



ಗರ್ಭಗೃಹದಲ್ಲಿ ನೆಲೆಸಿರುವುದು ಭಕ್ತನ ಕಣ್ಣಿಗೆ ಕಲ್ಲಲ್ಲ, ಸಾಕ್ಷಾತ್ ಪರಶಿವನು. ಆದರೆ ಆ ಸ್ವಾಮಿಯ ಮೇಲಣ ಚಾವಣಿಯನ್ನು ಹೊತ್ತು ನಿಂತಿರುವುದು ಕಲ್ಲು. ದರ್ಶನಕ್ಕೆಂದು ಬಂದವರ ಪಾದಗಳ ಕೆಳಗಿರುವುದು ಕಲ್ಲು. ಅಭಿಷೇಕದ ಜಲವನ್ನು ಹೊರಕ್ಕೆ ಸಾಗಿಸುವ ಗೋಮುಖವೂ ಕಲ್ಲೇ. ಹೀಗಿರುವಾಗ ಜೀರ್ಣೋದ್ಧಾರಕ್ಕೆ ಕೈಯಿಕ್ಕಿದವರು ಕಲ್ಲಿನ ಗುಣದೋಷಗಳನ್ನು ಅರಿತಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ಕಲ್ಯಾಣವು ನಮ್ಮ ಉಮರ್ಗಾಕ್ಕೆ ನೆರೆಯ ಊರು. ಅವರ ಮಾತನ್ನು ಕೇಳಿ ಬೆಳೆದ ನಾವು ಕಲ್ಲುಕಟ್ಟಡದ ಹಿರಿಮೆಯಲ್ಲಿ ಮೈಮರೆಯತಕ್ಕವರಲ್ಲ. ಆದರೂ ಪೂರ್ವಿಕರು ನಮ್ಮ ಕೈಗೆ ಒಪ್ಪಿಸಿಹೋದ ಆಸ್ತಿಯನ್ನು ಕೆಡಿಸುವ ಅಧಿಕಾರ ನಮಗಿಲ್ಲವೆಂಬುದೂ ಅಷ್ಟೇ ಸತ್ಯವು.

ಈ ಲೇಖನಕ್ಕೆ ಒಂದು ನಿಮಿತ್ತವುಂಟು. ನಮ್ಮ ದೇವಾಲಯದ ಜೀರ್ಣೋದ್ಧಾರದ ಜಮಾಖರ್ಚನ್ನು ಬರೆಯುವ ಸೇವೆ ನನ್ನ ಪಾಲಿಗೆ ಬಂದಿತ್ತು. ಒಂದು ದಿನ, ಪರಊರಿನಲ್ಲಿ ವ್ಯಾಪಾರ ಮಾಡಿಕೊಂಡಿರುವ ನಮ್ಮೂರ ಭಕ್ತರೊಬ್ಬರು ಸಭೆಗೆ ಬಂದು, ರಂಗಮಂಟಪದ ಒಳಗೋಡೆಗಳಿಗೂ ಮಹಾದ್ವಾರದ ಹೊರಮುಖಕ್ಕೂ 'ಟ್ರಾವರ್ಟೈನ್' ಎಂಬ ಹೊರದೇಶದ ಕಲ್ಲನ್ನು ತಮ್ಮ ಖರ್ಚಿನಿಂದಲೇ ಹೊದಿಸಿಕೊಡುವೆನೆಂದು ನುಡಿದರು. ಅವರು ತಂದಿದ್ದ ಮಾದರಿಯ ಹಲಗೆಯು ಹಾಲಿನ ಕೆನೆಯ ಬಣ್ಣದ್ದು. ನೋಡುವುದಕ್ಕೆ ಬಹು ಸೊಗಸು. ಸಭೆಯಲ್ಲಿದ್ದ ಅನೇಕರ ಮನಸ್ಸು ಅದರ ಕಡೆಗೆ ಒಲಿಯಿತು. ಆಗ ಹಿರಿಯರೊಬ್ಬರು, "ತಮ್ಮಾ, ಕಲ್ಲು ಛಂದ ಅದ, ಖರೆ. ಆದ್ರ ನಮ್ಮ ಕರಿಕಲ್ಲು ಏನು ತಪ್ಪು ಮಾಡ್ಯಾದ, ಅದರ ಮಾರಿ ಮುಚ್ಚಲಿಕ್ಕೆ?" ಎಂದು ಕೇಳಿದರು. ಆ ಪ್ರಶ್ನೆಗೆ ಒಡನೆಯೇ ಉತ್ತರ ಕೊಡುವವರು ಯಾರೂ ಇರಲಿಲ್ಲ. ತಿಳಿದವರನ್ನು ವಿಚಾರಿಸಿ, ಗ್ರಂಥಗಳನ್ನು ನೋಡಿ, ಕಲ್ಲುಕುಟಿಗರ ಮಾತನ್ನು ಕೇಳಿ ಕಂಡುಕೊಂಡ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನಿವೇದಿಸುವೆನು. ಬೇರೆ ಊರುಗಳ ಸಮಿತಿಗಳಿಗೂ ಇದು ಉಪಯೋಗಕ್ಕೆ ಬಂದೀತು.

ಟ್ರಾವರ್ಟೈನ್ ಎಂದರೇನು?

ಮಳೆಯ ನೀರು ಭೂಮಿಯೊಳಕ್ಕೆ ಇಳಿಯುವಾಗ ಮಣ್ಣಿನಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣದ ಬಂಡೆಗಳನ್ನು ಕರಗಿಸುತ್ತ ಹೋಗಿ ಎಲ್ಲಿಯೋ ಒಂದೆಡೆ ಚಿಲುಮೆಯಾಗಿ ಹೊರಬೀಳುತ್ತದೆ. ಗಾಳಿಗೆ ಬಂದೊಡನೆ ನೀರಿನಲ್ಲಿದ್ದ ಅನಿಲವು ಹಾರಿಹೋಗಿ, ಕರಗಿದ್ದ ಸುಣ್ಣವು ಪದರ ಪದರವಾಗಿ ಕೆಳಗೆ ಕೂರುತ್ತದೆ. ಸಾವಿರಾರು ವರ್ಷಗಳಲ್ಲಿ ಅದು ಗಟ್ಟಿಗೊಂಡು ಕಲ್ಲಾಗುವುದು. ನಡುವೆ ಸಿಕ್ಕಿಕೊಂಡ ಎಲೆಕಡ್ಡಿಗಳು ಕೊಳೆತುಹೋದ ಎಡೆಯಲ್ಲಿಯೂ, ಗಾಳಿಯ ಗುಳ್ಳೆಗಳಿದ್ದ ಎಡೆಯಲ್ಲಿಯೂ ರಂಧ್ರಗಳು ಉಳಿಯುತ್ತವೆ. ಇದೇ ಟ್ರಾವರ್ಟೈನ್; ಕನ್ನಡದಲ್ಲಿ ಚಿಲುಮೆಯ ಸುಣ್ಣಗಲ್ಲು ಎನ್ನಬಹುದು. ತುರ್ಕಿ ದೇಶದ ಪಾಮುಕ್ಕಲೆ ಎಂಬಲ್ಲಿ ಬೆಟ್ಟದ ಇಳಿಜಾರೇ ಈ ಕಲ್ಲಿನ ಬೆಳ್ಳನೆಯ ಮೆಟ್ಟಿಲುಗಳಾಗಿ ನಿಂತಿದೆ. ಇಟಲಿಯ ರೋಮ್ ನಗರಕ್ಕೆ ಸಮೀಪದ ತಿವೊಲಿ ಎಂಬ ಊರಿನ ಗಣಿಗಳು ಈ ಕಲ್ಲಿಗೆ ಪುರಾತನ ಕಾಲದಿಂದ ಪ್ರಸಿದ್ಧವಾಗಿವೆ. ರೋಮಿನ ಕೊಲೋಸಿಯಂ ಎಂಬ ಮಹಾರಂಗಸ್ಥಳವು ಕ್ರಿ.ಶ. 80ರ ಸುಮಾರಿಗೆ ಪ್ರಾರಂಭೋತ್ಸವವನ್ನು ಕಂಡಿತು. ಅದರ ಹೊರಗೋಡೆಯು ಇದೇ ಕಲ್ಲಿನದು.

ಹಾಗಾದರೆ ಈ ಕಲ್ಲು ಬಾಳುವ ಕಲ್ಲೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ರೋಮನರು ಬಳಸಿದ್ದು ದಪ್ಪನೆಯ ದಿಂಡುಗಲ್ಲುಗಳನ್ನು. ಇಂದು ಅಂಗಡಿಯಲ್ಲಿ ದೊರೆಯುವುದು ಬೆರಳಗಲದಷ್ಟೂ ದಪ್ಪವಿಲ್ಲದ ಹಲಗೆಗಳು. ಮತ್ತು ಅವರು ಕಲ್ಲನ್ನು ತಂದದ್ದು ಕಡಲಾಚೆಯಿಂದಲ್ಲ, ಒಂದು ದಿನದ ಹಾದಿಯ ನೆರೆಯೂರಿನಿಂದ. ತಮ್ಮ ಸೀಮೆಯ ಕಲ್ಲಿನ ಗುಣವನ್ನು ತಾವು ಬಲ್ಲವರಾಗಿದ್ದರು. ಅವರಿಂದ ನಾವು ಕಲಿಯಬೇಕಾದುದು ಈ ವಿವೇಕವನ್ನು.

ನಮ್ಮ ಸೀಮೆಯ ಕಲ್ಲುಗಳು

ಉಮರ್ಗಾ, ನಿಲಂಗಾ, ಉದಗೀರ ಈ ಮೂರು ತಾಲೂಕುಗಳ ನೆಲವು ಬೆಂಕಿಯಿಂದ ಹುಟ್ಟಿದ ನೆಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಕಲ್ಲಿನ ರಸವು ಒಂದರ ಮೇಲೊಂದು ಪದರವಾಗಿ ಹರಡಿ ಆರಿತು. ಅದೇ ನಮ್ಮ ಕರಿಕಲ್ಲು. ಶಾಸ್ತ್ರಜ್ಞರು ಇದನ್ನು ಬಸಾಲ್ಟ್ ಎನ್ನುವರು. ನಮ್ಮ ಎರೆಮಣ್ಣು ಈ ಕಲ್ಲು ಸವೆದು ಆದುದೇ. ನಿಲಂಗಾದ ನೀಲಕಂಠೇಶ್ವರ ದೇವಾಲಯವೂ ಉಮರ್ಗಾದ ಹಳೆಯ ಮಹಾದೇವ ದೇವಾಲಯವೂ ಈ ಕರಿಕಲ್ಲಿನವೇ. ನಿಲಂಗಾದ ಗುಡಿಯ ಹೊರಗೋಡೆಯು ನಕ್ಷತ್ರದ ಆಕಾರದಲ್ಲಿ ಮೂಲೆಮೂಲೆಯಾಗಿ ತಿರುಗುತ್ತ ಹೋಗಿರುವುದನ್ನು ವಾಚಕರು ಕಂಡೇ ಇರುವರು. ನಮ್ಮ ಜನರು ಇಂಥ ಗುಡಿಗಳನ್ನೆಲ್ಲ 'ಹೇಮಾಡಪಂತಿ' ಎಂದು ಕರೆಯುವ ರೂಢಿಯುಂಟು. ಹೇಮಾದ್ರಿ ಪಂಡಿತನು 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಮಂತ್ರಿಯಾಗಿದ್ದವನು. ಆದರೆ ಆ ಹೆಸರು ಹೊತ್ತ ಅನೇಕ ಗುಡಿಗಳು ಅವನಿಗಿಂತ ಹಳೆಯವು. ಕಲ್ಯಾಣದ ಚಾಳುಕ್ಯರ ಕಾಲದವು.

ಎರಡನೆಯದು ಕೆಂಪು ಜಂಬಿಟ್ಟಿಗೆ ಕಲ್ಲು. ಕರಿಕಲ್ಲೇ ಬಿಸಿಲು ಮಳೆಗಳಲ್ಲಿ ಯುಗಯುಗಾಂತರ ಮಾಗಿ, ಕಬ್ಬಿಣದ ಅಂಶ ಹೆಚ್ಚಾಗಿ ಮಿಕ್ಕು, ತೂತುತೂತಾದ ಕೆಂಪು ಕಲ್ಲಾಗುವುದು. ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಇದರ ವಿಶೇಷ. ಬೀದರಿನ ಕೋಟೆಯ ಕಂದಕವನ್ನು ಈ ಕಲ್ಲಿನಲ್ಲಿಯೇ ಕೊರೆದಿರುವರು. ನಿಲಂಗಾ ಮತ್ತು ಔಸಾಗಳ ನಡುವಣ ಖರೋಸಾದ ಗುಹಾಲಯಗಳೂ ಇದೇ ಕಲ್ಲಿನಲ್ಲಿ ಕಡೆದವು. ಇದು ನೀರನ್ನು ಹೀರುವ ಕಲ್ಲು. ಸೂಕ್ಷ್ಮವಾದ ಕೆತ್ತನೆಗೆ ಒಲಿಯದು.

ಮೂರನೆಯದು ನಮ್ಮ ಮನೆಮನೆಯ ನೆಲದಲ್ಲಿರುವ ಶಹಾಬಾದಿ ಫರಸಿ. ಇದು ಕಲಬುರಗಿ ಜಿಲ್ಲೆಯ ಸುಣ್ಣಗಲ್ಲು. ಭೂಮಿಯಲ್ಲಿಯೇ ಹಲಗೆಹಲಗೆಯಾಗಿ ಸೀಳುವುದರಿಂದ ಹಾಸುವುದಕ್ಕೆ ಬಹು ಅನುಕೂಲ. ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಬೌದ್ಧ ಸ್ತೂಪಕ್ಕೆ ಹೊದಿಸಿದ ಕೆತ್ತನೆಯ ಹಲಗೆಗಳು ಸುಣ್ಣಗಲ್ಲಿನವೇ. ಅಶೋಕ ಮಹಾರಾಜನ ಹೆಸರನ್ನು ಬರೆದಿರುವ ಚಿತ್ರಶಿಲೆಯು ದೊರೆತುದು ಅಲ್ಲಿಯೇ. ಟ್ರಾವರ್ಟೈನಿಗೆ ನಮ್ಮ ನಾಡಿನಲ್ಲಿ ನೆಂಟನಾರೆಂದು ಕೇಳಿದರೆ ಈ ಶಹಾಬಾದಿ ಕಲ್ಲನ್ನೇ ತೋರಿಸಬೇಕು. ಒಂದು ಚಿಲುಮೆಯ ಬಳಿ ಹುಟ್ಟಿತು, ಇನ್ನೊಂದು ಪುರಾತನ ಕಡಲ ತಳದಲ್ಲಿ ಹುಟ್ಟಿತು. ದ್ರವ್ಯ ಮಾತ್ರ ಎರಡರಲ್ಲಿಯೂ ಸುಣ್ಣವೇ.

ನಿಂಬೆಹಣ್ಣಿನ ಪರೀಕ್ಷೆ

ಸುಣ್ಣಗಲ್ಲಿಗೂ ಕರಿಕಲ್ಲಿಗೂ ಇರುವ ಭೇದವನ್ನು ಯಾರು ಬೇಕಾದರೂ ಮನೆಯಲ್ಲಿಯೇ ಕಾಣಬಹುದು. ಕಲ್ಲಿನ ಒಂದು ಚೂರನ್ನು ಕಬ್ಬಿಣದ ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆಹಣ್ಣಿನ ರಸವನ್ನು ಹಿಂಡಿರಿ. ಸುಣ್ಣಗಲ್ಲಾಗಿದ್ದರೆ ಸಣ್ಣ ನೊರೆಗುಳ್ಳೆಗಳು ಏಳುವುವು. ಕರಿಕಲ್ಲಿನ ಪುಡಿಯು ಸುಮ್ಮನಿರುವುದು. ನೊರೆ ಏಳುವುದೆಂದರೆ ಕಲ್ಲು ಕರಗುತ್ತಿದೆಯೆಂದೇ ಅರ್ಥ.

ಇದರ ಪರಿಣಾಮವನ್ನು ದೇವಾಲಯಕ್ಕೆ ಅನ್ವಯಿಸಿ ನೋಡೋಣ. ಪಂಚಾಮೃತದಲ್ಲಿ ಮೊಸರು ಉಂಟು, ಮೊಸರು ಹುಳಿ. ದೃಷ್ಟಿ ನಿವಾಳಿಸುವುದಕ್ಕೆ ನಿಂಬೆಹಣ್ಣನ್ನು ಕತ್ತರಿಸಿ ಬಾಗಿಲಲ್ಲಿ ಇಡುವರು. ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಅಲ್ಲಿಯೇ ತೊಳೆಯುವರು. ಈ ಹುಳಿಗಳು ಬಿದ್ದಲ್ಲೆಲ್ಲ ನುಣುಪಾದ ಸುಣ್ಣಗಲ್ಲು ಹೊಳಪುಗೆಟ್ಟು ಬೆಳ್ಳಗೆ ಮಾಸುವುದು. ಅದು ಒರೆಸಿದರೆ ಹೋಗುವ ಕಲೆಯಲ್ಲ, ಕಲ್ಲೇ ಸವೆದ ಗುರುತು. ಅದರ ಮೇಲೆ ದೀಪದ ಎಣ್ಣೆ, ಕುಂಕುಮ, ಅರಿಸಿನ. ಟ್ರಾವರ್ಟೈನಿನ ರಂಧ್ರಗಳನ್ನು ಕಾರ್ಖಾನೆಯಲ್ಲಿ ರಾಳದಿಂದಲೋ ಸಿಮೆಂಟಿನಿಂದಲೋ ತುಂಬಿರುವರಾದರೂ, ಕಾಲಕ್ರಮದಲ್ಲಿ ಅದು ಉದುರಿ, ಎಣ್ಣೆಯೂ ಕುಂಕುಮವೂ ಒಳಗಿಳಿದರೆ ತೆಗೆಯುವ ಬಗೆಯಿಲ್ಲ. ಅಭಿಷೇಕವನ್ನು ನಿಲ್ಲಿಸಿ ಕಲ್ಲನ್ನು ಕಾಯುವುದು ಯಾವ ಭಕ್ತನೂ ಒಪ್ಪತಕ್ಕ ಮಾತಲ್ಲ. ನೂರಾರು ವರ್ಷ ತುಪ್ಪ, ಹಾಲು, ಮೊಸರುಗಳನ್ನು ಸಹಿಸಿಕೊಂಡು ಬಂದ ಕರಿಕಲ್ಲನ್ನೇ ಪೂರ್ವಿಕರು ಗರ್ಭಗೃಹಕ್ಕೆ ಆರಿಸಿದರು. ಆ ಆಯ್ಕೆಯ ಅರ್ಥ ಈಗ ತಿಳಿಯುತ್ತದೆ.

ಒಳಗೆ ಯಾವುದು, ಹೊರಗೆ ಯಾವುದು?

ಎಣ್ಣೆ, ನೀರು, ಹುಳಿ ಬೀಳುವ ಗರ್ಭಗೃಹ, ಸುಕನಾಸಿ, ದೀಪದ ಕಟ್ಟೆ, ಪಾತ್ರೆ ತೊಳೆಯುವ ಎಡೆ ಇವುಗಳಿಗೆ ಕರಿಕಲ್ಲೇ ಸರಿ. ಪ್ರದಕ್ಷಿಣೆಯ ಹಾದಿಗೆ ಕನ್ನಡಿಯಂತೆ ಹೊಳಪು ಕೊಟ್ಟ ಕಲ್ಲು ಸಲ್ಲದು. ಒದ್ದೆಗಾಲಿನಿಂದ ನಡೆಯುವ ವೃದ್ಧರು ಜಾರುವರು. ಅಲ್ಲಿ ಉಳಿಯ ಗುರುತು ಉಳಿದಿರುವ ಒರಟು ಮುಖವೇ ಇರಬೇಕು. ಬೇಸಿಗೆಯ ಬಿಸಿಲಿನಲ್ಲಿ ಕಪ್ಪು ಕಲ್ಲು ಹೆಚ್ಚು ಕಾಯುವುದರಿಂದ, ಬಯಲಿನಲ್ಲಿರುವ ಹಾದಿಗೆ ತಿಳಿಬಣ್ಣದ ಒರಟು ಫರಸಿ ಉತ್ತಮ. ಪುರಾಣ ಪ್ರವಚನಗಳ ಸಭಾಭವನ, ಗ್ರಂಥಾಲಯ, ಕಾರ್ಯಾಲಯ ಇಂಥ ಒಣ ಎಡೆಗಳ ಒಳಗೋಡೆಗೆ ಟ್ರಾವರ್ಟೈನನ್ನು ಬಳಸಿದರೆ ಅಡ್ಡಿಯಿಲ್ಲ. ತಿಳಿಬಣ್ಣದಿಂದ ಬೆಳಕು ಹೆಚ್ಚುವುದು, ಕಣ್ಣಿಗೂ ಹಿತ. ಹೊರಮುಖಕ್ಕೆ ಬಳಸಲೇಬೇಕೆಂದರೆ ಬರಿಯ ಸಿಮೆಂಟಿನಿಂದ ಅಂಟಿಸತಕ್ಕದ್ದಲ್ಲ. ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಹಲಗೆಯು ಒಂದು ದಿನ ಕಳಚಿ ಭಕ್ತರ ತಲೆಯ ಮೇಲೆ ಬಿದ್ದೀತು. ಆಳೆತ್ತರವನ್ನು ಮೀರಿದ ಎಡೆಗಳಲ್ಲಿ ತುಕ್ಕು ಹಿಡಿಯದ ಉಕ್ಕಿನ ಕೊಂಡಿಗಳಿಂದ ಬಂಧಿಸಬೇಕು.

ಲೆಕ್ಕವೊಂದನ್ನು ಇಲ್ಲಿ ಹೇಳುವುದು ನನ್ನ ವೃತ್ತಿಗೆ ತಕ್ಕುದು. 20 ಮಿಲಿಮೀಟರ್ ದಪ್ಪದ ಹಲಗೆಯು ಚದರ ಮೀಟರಿಗೆ ಸುಮಾರು 50 ಕಿಲೋ ತೂಗುತ್ತದೆ. ಅದನ್ನು ಕೂರಿಸುವ ಒಂದಂಗುಲದ ಗಾರೆಯು ಇನ್ನೊಂದು 50 ಕಿಲೋ. ಮಂಟಪದ ಗೋಡೆಗಳು 60 ಚದರ ಮೀಟರ್ ಆದರೆ ಒಟ್ಟು 6,000 ಕಿಲೋ, ಎಂದರೆ 6 ಟನ್ನು ಭಾರವನ್ನು ಹಳೆಯ ಗೋಡೆಗೆ ನೇತುಹಾಕಿದಂತಾಯಿತು. ಇದಲ್ಲದೆ ಗೋಡೆಯ ಕಲ್ಲುಸಂದುಗಳು ಮುಚ್ಚಿಹೋಗಿ, ಒಳಗಿನ ತೇವಕ್ಕೆ ಹೊರಬರುವ ದಾರಿಯಿಲ್ಲದಾಗುವುದು. ಗೋಡೆ ಬಿರಿದರೂ ಹೊದಿಕೆಯ ಹಿಂದೆ ಯಾರ ಕಣ್ಣಿಗೂ ಬೀಳದು.

ಕಿಲ್ಲಾರಿಯ ಪಾಠ

ಗೋಡೆಯ ಬಿರುಕು ಕಣ್ಣಿಗೆ ಬೀಳಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. 1993ನೆಯ ಇಸವಿಯ ಸಪ್ಟೆಂಬರ್ 30ರಂದು, ಹಿಂದಿನ ರಾತ್ರಿ ಗಣಪತಿಯನ್ನು ವಿಸರ್ಜಿಸಿ ಜನರು ದಣಿದು ಮಲಗಿದ್ದಾಗ, ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿಗೆ ಸೇರಿದ್ದ ಸಾಸ್ತೂರು ಮೊದಲಾದ ಅನೇಕ ಊರುಗಳು ಕಲ್ಲಿನ ರಾಶಿಗಳಾದವು. ಭೂಕಂಪದ ಪ್ರಮಾಣ ಸುಮಾರು 6.2 ಎಂದು ಶಾಸ್ತ್ರಜ್ಞರು ಎಣಿಸಿರುವರು; ಮಡಿದವರು ಹತ್ತು ಸಾವಿರದ ಸಮೀಪ. ಆಗ ನಾನು ಇಪ್ಪತ್ತು ದಾಟಿದ ತರುಣ. ಕಲ್ಲುಗಳನ್ನು ಎತ್ತಲು ಹೋದ ಕೈಗಳಲ್ಲಿ ನನ್ನವೂ ಇದ್ದವು. ಆ ಕಲ್ಲುಗಳೆಲ್ಲ ಕರಿಕಲ್ಲುಗಳೇ; ಗುಡಿ ಕಟ್ಟಿದ ಜಾತಿಯ ಕಲ್ಲೇ. ಹಾಗಾದರೆ ಮನೆಗಳು ಏಕೆ ಬಿದ್ದವು?

ನಮ್ಮ ಹಳೆಯ ಮನೆಗಳ ಗೋಡೆಗಳು ಎರಡು ಮೂರು ಅಡಿ ದಪ್ಪವಾಗಿದ್ದರೂ ನಿಜವಾಗಿ ಒಂದು ಗೋಡೆಯಾಗಿರಲಿಲ್ಲ. ಒಳಮುಖಕ್ಕೊಂದು ಸಾಲು, ಹೊರಮುಖಕ್ಕೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಸಾಲುಗಳನ್ನು ಬೆಸೆಯುವ ಉದ್ದಗಲ್ಲುಗಳೇ ಇರಲಿಲ್ಲ. ಅದರ ಮೇಲೆ, ಮರಾಠಿಯಲ್ಲಿ ಮಾಳವದ ಎನ್ನುವ ಮಣ್ಣಿನ ಮಾಳಿಗೆ. ಒಂದಡಿ ದಪ್ಪದ ಮಣ್ಣೆಂದರೆ ಚದರ ಮೀಟರಿಗೆ ಸುಮಾರು 500 ಕಿಲೋ. 12 ಚದರ ಮೀಟರಿನ ಕೋಣೆಯ ಮೇಲೆ 6 ಟನ್ನು. ನೆಲ ನಡುಗಿದಾಗ ಗೋಡೆಯ ಎರಡು ಮುಖಗಳೂ ಬೇರೆಬೇರೆಯಾಗಿ ಉಬ್ಬಿ ಒಡೆದವು; ಮಲಗಿದ್ದವರ ಮೇಲೆ ಕಲ್ಲೂ ಮಣ್ಣೂ ಕುಸಿದವು. ಹೊರಗೆ ಸುಣ್ಣ ಬಳಿದು ನುಣ್ಣಗೆ ಗಿಲಾವು ಮಾಡಿದ ಗೋಡೆಗಳೂ ಇದಕ್ಕೆ ಹೊರತಾಗಿರಲಿಲ್ಲ.

ಹಳೆಯ ಗುಡಿಗಳ ರೀತಿ ಬೇರೆ. ಅಲ್ಲಿ ಪ್ರತಿಯೊಂದು ಕಲ್ಲನ್ನೂ ಚೌಕವಾಗಿ ಕಡೆದು, ಗಾರೆಯ ಹಂಗಿಲ್ಲದೆ, ಒಂದರ ತೂಕದಿಂದ ಇನ್ನೊಂದು ನಿಲ್ಲುವಂತೆ ಜೋಡಿಸಿರುವರು. ಕಲ್ಲಿನ ಬಲವೆಂಬುದು ಅದರ ಜೋಡಣೆಯಲ್ಲಿದೆ. ಕಡಿಮೆ ಬಲದ ಕಲ್ಲುಗೋಡೆಗಳನ್ನು ಕುರಿತು ಭಾರತೀಯ ಮಾನಕ ಸಂಸ್ಥೆಯು 1993ರಲ್ಲಿ ಹೊರಡಿಸಿದ ನಿಯಮಗಳಲ್ಲಿಯೂ ಇದೇ ತತ್ತ್ವವಿದೆ: ಗೋಡೆಯ ಪ್ರತಿ 600 ಮಿಲಿಮೀಟರ್, ಎಂದರೆ ಎರಡಡಿ ಎತ್ತರಕ್ಕೊಮ್ಮೆ, 1.2 ಮೀಟರಿಗೆ ಮೀರದ ಅಂತರದಲ್ಲಿ, ಈ ಮುಖದಿಂದ ಆ ಮುಖದವರೆಗೆ ಹಾಯುವ ಇಡಿಗಲ್ಲುಗಳನ್ನು ಇರಿಸಬೇಕು. ಪ್ರಾಕಾರದ ಗೋಡೆಯನ್ನೋ ಯಾತ್ರಿಕರ ಕೋಣೆಯನ್ನೋ ಹೊಸದಾಗಿ ಕಟ್ಟುವವರು ಈ ಮಾತನ್ನು ಮರೆಯಬಾರದು. ಹಾಗೆಯೇ ಗುಡಿ ಸೋರಿತೆಂದು ಪ್ರತಿ ಸಲವೂ ಚಾವಣಿಯ ಮೇಲೆ ನಾಲ್ಕಂಗುಲ ಕಾಂಕ್ರೀಟು ಸುರಿಯುವ ಅಭ್ಯಾಸವನ್ನೂ ಬಿಡಬೇಕು. ಒಂದು ಪದರಕ್ಕೆ ಚದರ ಮೀಟರಿಗೆ ಸುಮಾರು 240 ಕಿಲೋ ಭಾರ. ಮೂರು ಸಲ ಸುರಿದರೆ ಮಾಳವದಕ್ಕಿಂತ ಹೆಚ್ಚಾಯಿತು.

ಬಣ್ಣದ ಅಡಿಯ ಅಕ್ಷರ

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುವೆನು. ನಮ್ಮ ಮಂಟಪದ ಕಂಬಗಳಿಗೆ ಹಿಂದೆ ಎಣ್ಣೆಬಣ್ಣ ಬಳಿದಿತ್ತು. ಈ ಸಲ ಅದನ್ನು ನಿಧಾನವಾಗಿ ಮೆದುಗೊಳಿಸಿ ತೆಗೆಯಿಸಿದೆವು. ಮರಳನ್ನು ರಭಸದಿಂದ ಊದಿ ತೊಳೆಯುವ ಯಂತ್ರವನ್ನು ಬೇಡವೆಂದೆವು; ಅದು ಬಣ್ಣದೊಡನೆ ಕಲ್ಲಿನ ಮುಖವನ್ನೂ ತಿನ್ನುತ್ತದೆ. ಒಂದು ಕಂಬದ ಬುಡದಲ್ಲಿ ಬಣ್ಣ ಕಳಚಿದಾಗ 'ಸ್ವಸ್ತಿ' ಎಂಬ ಹಳೆಯ ಕನ್ನಡ ಅಕ್ಷರಗಳು ಕಂಡವು. ಅದರ ಮುಂದಿನ ಸಾಲುಗಳು ಇರಬೇಕಾಗಿದ್ದ ಎಡೆಯಲ್ಲಿ, ಹಿಂದೆಂದೋ ವಿದ್ಯುತ್ ತಂತಿಯ ಕೊಳವೆಯನ್ನು ಕೂರಿಸುವುದಕ್ಕೆ ಕೊರೆದ ಎರಡು ತೂತುಗಳೂ ಉಳಿಯ ಪೆಟ್ಟುಗಳೂ ಇದ್ದವು. ದಾನ ಕೊಟ್ಟವರು ಯಾರು, ಯಾವ ಅರಸನ ಕಾಲ, ಯಾವ ಗದ್ದೆಯ ಉಂಬಳಿ, ಯಾವುದೂ ಇನ್ನು ತಿಳಿಯುವಂತಿಲ್ಲ.

ಉದಗೀರವೂ ನಿಲಂಗಾವೂ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದಕ್ಕೆ ಸೇರಿ, 1982ರಲ್ಲಿ ಲಾತೂರು ಜಿಲ್ಲೆಯ ಭಾಗವಾದವು. ಗಡಿಗಳು ಸರಿದಾಡುವುವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮಗೆ ಎರಡೂ ತಾಯ್ನುಡಿಗಳೇ. ಆದರೆ ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ, ಈ ನೆಲದಲ್ಲಿ ಸಾವಿರ ವರ್ಷಗಳ ಹಿಂದೆ ಹಿರಿಯರು ಯಾವ ಅಕ್ಷರದಲ್ಲಿ ಬರೆದರೆಂದು ತೋರಿಸಲು ಈ ಕಂಬಗಳಲ್ಲದೆ ಬೇರೆ ಪುಸ್ತಕವಿಲ್ಲ. ಅದರ ಮೇಲೆ ಕೆನೆಬಣ್ಣದ ಹಲಗೆಯನ್ನು ಹೊದಿಸಿದ್ದರೆ ಆ ಒಂದು ಪದವೂ ನಮಗೆ ಕಾಣಿಸುತ್ತಿರಲಿಲ್ಲ.

ಮಾಡತಕ್ಕ ಕಾರ್ಯಗಳು

ಮೇಲಿನ ವಿಚಾರಗಳನ್ನು ಸಂಗ್ರಹಿಸಿ ಹೇಳುವುದಾದರೆ:

1. ಯಾವ ಕೆಲಸಕ್ಕೂ ಮುನ್ನ ಗೋಡೆ, ಕಂಬ, ತೊಲೆಗಳ ಛಾಯಾಚಿತ್ರಗಳನ್ನು ತೆಗೆದಿಡಬೇಕು. ಅಕ್ಷರವೋ ಶಿಲ್ಪವೋ ಕಂಡರೆ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಗುಡಿಯು ಸಂರಕ್ಷಿತ ಸ್ಮಾರಕವಾಗಿದ್ದರೆ ಇಲಾಖೆಯ ಅಪ್ಪಣೆಯಿಲ್ಲದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ.

2. ಹೊಸ ಕಲ್ಲನ್ನು ಕೊಳ್ಳುವಾಗ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಘಂಟೆಯಂತೆ ನಾದ ಬಂದರೆ ಇಡಿಗಲ್ಲು. ಮಂಕು ಸದ್ದಾದರೆ ಒಳಗೆ ಬಿರುಕುಂಟು. ಕರಿಕಲ್ಲಿನಲ್ಲಿ ಬಿಳಿಯ ಗಂಟುಗಳು ಬಹಳವಾಗಿದ್ದರೆ ಅಂಥದನ್ನು ಬಿಡಬೇಕು.

3. ಕಲ್ಲು ನೀರು ಕುಡಿಯುವ ಬಗೆಯನ್ನು ಅಳೆಯಬೇಕು. ಚೆನ್ನಾಗಿ ಒಣಗಿದ 10 ಕಿಲೋ ಕಲ್ಲನ್ನು 24 ಗಂಟೆ ನೀರಿನಲ್ಲಿಟ್ಟು, ಒರೆಸಿ ಮತ್ತೆ ತೂಗಿದಾಗ 100 ಗ್ರಾಂ ಹೆಚ್ಚಿದ್ದರೆ ನೂರಕ್ಕೆ ಒಂದರಷ್ಟು ನೀರು ಕುಡಿದಂತೆ. ಎರಡು ಕಲ್ಲುಗಳಲ್ಲಿ ಕಡಿಮೆ ಕುಡಿದುದು ಹೊರಗಿನ ಮಳೆಗೆ ಮೇಲು.

4. ಹಳೆಯ ಸಂದುಗಳನ್ನು ತುಂಬಲು ಬಿರುಸಾದ ಸಿಮೆಂಟನ್ನು ಬಳಸದೆ, ಕೊಳೆಯಿಸಿದ ಸುಣ್ಣದ ಗಚ್ಚನ್ನೇ ಬಳಸಬೇಕು. ಅದು ಕಲ್ಲಿಗಿಂತ ಮೆದು, ತೇವವನ್ನೂ ಹೊರಬಿಡುತ್ತದೆ. ಕೆಟ್ಟರೆ ಗಚ್ಚು ಕೆಡುವುದು, ಕಲ್ಲು ಉಳಿಯುವುದು.

5. ಹಣವನ್ನು ಮೊದಲು ಸೋರುವ ಚಾವಣಿಗೂ ನೀರು ಹರಿದುಹೋಗುವ ಕಾಲುವೆಗೂ, ಆಮೇಲೆ ಗೋಡೆಯ ಬಿಗುವಿಗೂ, ಕೊನೆಯಲ್ಲಿ ಅಲಂಕಾರಕ್ಕೂ ಖರ್ಚು ಮಾಡಬೇಕು.

ನಮ್ಮ ದಾನಿಗಳ ವಿಷಯ. ಅವರು ಈ ಸಂಗತಿಗಳನ್ನೆಲ್ಲ ಸಮಾಧಾನದಿಂದ ಕೇಳಿ, ಬಣ್ಣ ತೆಗೆದ ಕಂಬದ ಮುಂದೆ ಬಹಳ ಹೊತ್ತು ನಿಂತಿದ್ದು, ತಮ್ಮ ಸಂಕಲ್ಪವನ್ನು ಬದಲಿಸಿದರು. ಅವರ ಹಣದಿಂದ ಚಾವಣಿಯ ಮೇಲಣ ಹಳೆಯ ಕಾಂಕ್ರೀಟನ್ನು ಅಭಿಯಂತರರ ಸಲಹೆಯಂತೆ ಇಳಿಸಿ, ಗೋಮುಖದ ನೀರಿಗೆ ದಾರಿ ಮಾಡಲಾಯಿತು. ಮಿಕ್ಕುದರಿಂದ ಹೊಸ ಪ್ರವಚನ ಭವನದ ವೇದಿಕೆಯ ಹಿಂದಣ ಗೋಡೆಗೆ ಅವರು ಮೆಚ್ಚಿದ ಆ ಟ್ರಾವರ್ಟೈನನ್ನೇ ಹೊದಿಸಲಾಗಿದೆ. ಅಲ್ಲಿ ಎಣ್ಣೆಯಿಲ್ಲ, ಹುಳಿಯಿಲ್ಲ, ಮಳೆಯಿಲ್ಲ. ಕಲ್ಲು ಒಪ್ಪವಾಗಿ ಶೋಭಿಸುತ್ತಿದೆ. ಮಂಟಪದ ಕರಿಕಲ್ಲು ಮಾತ್ರ ಬರಿಮೈಯಲ್ಲಿ ನಿಂತಿದೆ. ದರ್ಶನಕ್ಕೆ ಬಂದವರು ಮಕ್ಕಳ ಕೈಹಿಡಿದು ಆ ಕಂಬದ ಬಳಿಗೆ ಕರೆದೊಯ್ದು, ಆ ಒಂದು ಪದವನ್ನು ಓದಿಸಿಕೊಂಡು ಹೋಗಬೇಕೆಂದು ನನ್ನ ಪ್ರಾರ್ಥನೆ.

ಶ್ರೀ ಮಹಾದೇವನು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.